ಹನ್ನೊಂದು ಮಿಲಿಮೀಟರು

ಜೂನ್ ೧೨, ೧೯೬೭, ಸೋಮವಾರ. ವಿಜಾಪುರ

ಇವರು ಹೋಗಿ ನಾಲ್ಕು ದಿನವಾಯಿತು. ಕೂಸಿಗೆ ಇಂದು ಎರಡು ತಿಂಗಳು. ಎರಡು ತಿಂಗಳಿಂದ ನಾನು ನಿದ್ದೆ ಅನ್ನುವುದನ್ನು ಕಂಡಿಲ್ಲ. ತೊಟ್ಟಿಲಿಗೆ ಹಾಕಿದರೆ ಅಳುತ್ತಾಳೆ, ಹೆಗಲಿಗೆ ಹಾಕಿಕೊಂಡರೆ ಸುಮ್ಮನಾಗುತ್ತಾಳೆ. ಸುಮ್ಮನಾದಾಗ ನನಗೆ ಇನ್ನೂ ಹೆದರಿಕೆ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ. ಬೆರಳು ತಗುಲಿ ಎಚ್ಚರಾಗುತ್ತಾಳೆ. ಮತ್ತೆ ಅಳು.

ಕಾಲೇಜಿನ ನೋಟುಬುಕ್ಕಿನಲ್ಲಿ ಹಿಂದಿನ ಹಾಳೆಗಳು ಖಾಲಿ ಇದ್ದವು. ಬರೆದರೆ ತಲೆ ಒಂದು ಕಡೆ ನಿಂತೀತು ಎಂದು ತೆಗೆದಿದ್ದೇನೆ.

ಇವರು ತಿರುವನಂತಪುರದ ಕಡೆ ಸಮುದ್ರದ ದಂಡೆಯ ರಾಕೆಟ್ ಕೇಂದ್ರಕ್ಕೆ ಹೋಗಿದ್ದಾರೆ. ಐದು ತಿಂಗಳ ತರಬೇತಿ. ರಾಕೆಟ್ಟಿನ ಮೂತಿಯಲ್ಲಿ ಕೂಡಿಸುವ ಪೆಟ್ಟಿಗೆ, ಬಾಗಿಲು, ಕೊಂಡಿ, ಸ್ಪ್ರಿಂಗು, ಇವನ್ನೆಲ್ಲ ಹೇಗೆ ಮಾಡಬೇಕೆಂದು ಕಲಿಸುತ್ತಾರಂತೆ. ಕೊನೆಯ ಪರೀಕ್ಷೆ ಪಾಸಾದರೆ ಅಲ್ಲಿಯೇ ನೌಕರಿ. ಆಗದಿದ್ದರೆ? ನಾನು ಕೇಳಲಿಲ್ಲ. ಇಲ್ಲಿ ರೋಡ್ ರೋಲರ್ ರಿಪೇರಿಯ ನೌಕರಿಗೆ ರಾಜೀನಾಮೆ ಕೊಟ್ಟೇ ಹೋಗಿದ್ದಾರೆ.

ನನಗೆ ಜೊತೆಗೆ ಅಂತ ಅತ್ತೆ ತಿಕೋಟಿಯಿಂದ ಜೋರಾಪುರ ಪೇಟೆಯ ಈ ಎರಡು ಕೋಣೆಯ ಮನೆಗೆ ಬಂದಿದ್ದಾರೆ. ಬಂದ ದಿನವೇ ಪಕ್ಕದ ಮನೆ ನೂರಜಹಾನಳಿಗೆ ಹೇಳುತ್ತಿದ್ದರು: "ನಮ್ಮ ಪರಸು ಚಂದ್ರಗ ಹೋಗು ಗಾಡಿ ಮಾಡಾಕ ಹೋಗ್ಯಾನ."

"ಹೋಗಾಕೇನ ಹೋದೀತು ಚಂದ್ರಾಬಾಯಿ, ತಿರಗಿ ಬರಾಕ ಬಸ್ ಐತೇನು ಅಲ್ಲಿಂದ?" ಎಂದು ಅವಳು ಅತ್ತೆಯನ್ನು ಕೇಳಿದಳು.

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಜೂನ್ ೨೭, ಮಂಗಳವಾರ

ಮೊದಲ ಪತ್ರ ಬಂತು. ಅದನ್ನು ಕುಪ್ಪಸದಲ್ಲಿಟ್ಟುಕೊಂಡು ಕೂಸಿಗೆ ಹಾಲು ಕುಡಿಸಿ, ಆಮೇಲೆ ಓದಿದೆ.

"ಹದಿನಾಲ್ಕು ಮಂದಿ ಇದ್ದೇವೆ. ಹದಿಮೂರು ಮಂದಿ ಬಿ.ಇ. ನಾನೊಬ್ಬನೇ ಡಿಪ್ಲೊಮಾ. ಪಾಠ ಇಂಗ್ಲಿಷಿನಲ್ಲಿ ಓಡುತ್ತದೆ. ಬರೆದುಕೊಳ್ಳುವಷ್ಟರಲ್ಲಿ ಕರಿ ಫಳಿಯ ಮೇಲಿನದನ್ನು ಅಳಿಸಿರುತ್ತಾರೆ. ಹದಿನೈದು ದಿನಕ್ಕೊಂದು ಕೆಲಸ ಕೊಡುತ್ತಾರೆ, ರೂಮಿಗೆ ಒಯ್ದು ಮಾಡಿ ತರಬೇಕು. ಈ ಸಲ ಒಂದು ಸಣ್ಣ ಬಾಗಿಲು, ಒಂದು ಸ್ಪ್ರಿಂಗು. ಮೇಲೆ ಹೋದ ಮೇಲೆ ಒಂದೇ ಸಲ ತೆರೆಯಬೇಕು. ತೆರೆಯದಿದ್ದರೆ ಹೋಗಿ ಬಡಿಯಲು ಅಲ್ಲಿ ಯಾರೂ ಇರುವುದಿಲ್ಲ. ಸ್ಪ್ರಿಂಗು ಎಷ್ಟು ದಪ್ಪ, ಎಷ್ಟು ಸುತ್ತು ಎಂದು ಲೆಕ್ಕ ಹಾಕಬೇಕು. ನೀನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು. ಒಂದು ಸಲ ನೋಡು."

ನೋಡಿದೆ. ಏನೂ ತಿಳಿಯಲಿಲ್ಲ. ನಾನು ಕಲಿತದ್ದು ಸೊನ್ನೆ, ಅನಂತ, ಇಂಥವು. ಸ್ಪ್ರಿಂಗು ಎಲ್ಲಿ ಕಂಡಿದ್ದೇನೆ? ಇದು ನನ್ನಿಂದ ಆಗುವ ಮಾತಲ್ಲ ಎಂದು ಬರೆಯಬೇಕೆಂದು ಪೆನ್ನು ಹಿಡಿದೆ. ಹದಿಮೂರು ಮಂದಿಯ ನಡುವೆ ಇವರು ಕೂತಿರುವುದು ಕಣ್ಣಿಗೆ ಬಂತು. ತಿಕೋಟಿಯ ಸಾಲಿಯಲ್ಲಿ ಇವರನ್ನು ಬಾಗಿಲ ಹೊರಗೆ ಕೂರಿಸುತ್ತಿದ್ದರಂತೆ. ಅಲ್ಲಿಂದಲೇ ಫಳಿ ನೋಡಿ ಕಲಿತವರು. ಪೆನ್ನು ಕೆಳಗಿಟ್ಟೆ.

ಜೂನ್ ೨೮, ಬುಧವಾರ

ಕೂಸನ್ನು ಎತ್ತಿಕೊಂಡು ಗೋಳಗುಮ್ಮಟದ ಹತ್ತಿರ ಕೀಲಿ ರಿಪೇರಿಯ ಕಾಸಿಮಸಾಬರ ಅಂಗಡಿಗೆ ಹೋದೆ.

"ಕಾಕಾ, ಒಂದು ಸ್ಪ್ರಿಂಗ್ ತೋರಸ್ರಿ."

"ಯಾವ ಕೀಲಿದು ಅಕ್ಕಾರ?"

"ಕೀಲಿದಲ್ಲರಿ. ಸುಮ್ನ ನೋಡಾಕ."

"ಮಂದಿ ಗುಮ್ಮಟ ನೋಡಾಕ ಬರ್ತಾರ. ಸ್ಪ್ರಿಂಗ್ ನೋಡಾಕ ಬಂದವ್ರು ನೀವ ಮೊದಲನೇದವ್ರು."

ಆದರೂ ಡಬ್ಬಿಯಿಂದ ನಾಲ್ಕಾರು ತೆಗೆದು ಕೊಟ್ಟರು. ಒಂದನ್ನು ಹೆಬ್ಬೆರಳಿನಿಂದ ಒತ್ತಿದರು. "ಇಷ್ಟ ಒತ್ತಿದ್ರ ತಿರಗಿ ಬರ್ತದ. ಹಿಂಗ ಸುತ್ತಿಗಿ ಸುತ್ತ ಕೂಡೂಹಂಗ ಒತ್ತಿ ಬಾಳ ದಿನ ಇಟ್ರೀ ಅಂದ್ರ ಸೋತ ಹೋಗ್ತದ. ನನ್ನಂಗ. ಮತ್ತ ಎದ್ದ ನಿಂದ್ರಂಗಿಲ್ಲ."

ಪತ್ರದ ಕೊನೆಗೆ ಇವರು ಇಳಿಸಿದ್ದ ಸೂತ್ರದ ಮೂರನೆಯ ಅಕ್ಷರ ಎಂದರೆ ಸ್ಪ್ರಿಂಗನ್ನು ಎಷ್ಟು ಒತ್ತಬಹುದು ಎಂಬುದು ಎಂದು ಅಲ್ಲಿಯೇ ತಿಳಿಯಿತು. ಮನೆಗೆ ಬಂದು ಲೆಕ್ಕ ಮುಗಿಸಿದೆ. ನಾಲ್ಕು ಗಂಟೆಯ ರೈಲಿನ ಟಪಾಲು ಡಬ್ಬಿಗೆ ಹಾಕಲು ಸ್ಟೇಷನ್ನಿಗೆ ಓಡಿದೆ. ತಪ್ಪಿದ್ದರೆ ಇವರ ಮಾನ ನನ್ನ ಕೈಯಿಂದಲೇ ಹೋಗುತ್ತದೆ.

ಜುಲೈ ೨೬, ಬುಧವಾರ

ತಪ್ಪಿರಲಿಲ್ಲ. ಹತ್ತಕ್ಕೆ ಎಂಟು. ಎರಡನೆಯದಕ್ಕೂ ಎಂಟು. ಈಗ ಮೂರನೆಯದು ಬಂದಿದೆ.

ಪತ್ರ ಬರಲು ಐದು ದಿನ, ಹೋಗಲು ಐದು ದಿನ. ಅಲ್ಲಿ ಪ್ರಶ್ನೆಯನ್ನು ನಕಲು ಮಾಡಿ ಕಳಿಸಲು ಒಂದು ದಿನ, ನಾನು ಕಳಿಸಿದ್ದನ್ನು ದೊಡ್ಡ ಹಾಳೆಗೆ ಇಳಿಸಲು ಒಂದು ದಿನ. ಹದಿನೈದರಲ್ಲಿ ನನಗೆ ಉಳಿಯುವುದು ಮೂರು ದಿನ. ಆ ಮೂರು ದಿನದಲ್ಲಿ ಕೂಸು ಮಲಗುವ ಹೊತ್ತು ಕೂಡಿಸಿದರೆ ಆರು ತಾಸು ಆದೀತು. ಇವರ ಡ್ರಾಯಿಂಗ್ ಹಲಗೆಯನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟುಕೊಂಡು, ಕಾಲಿನಿಂದ ತೊಟ್ಟಿಲು ತೂಗುತ್ತ ಗೆರೆ ಎಳೆಯುತ್ತೇನೆ. ತೊಟ್ಟಿಲು ನಿಂತರೆ ಅಳು, ತೂಗಿದರೆ ಗೆರೆ ಸೊಟ್ಟ.

ಅತ್ತೆಗೆ ಓದು ಬರುವುದಿಲ್ಲ. ದಪ್ಪ ಲಕೋಟೆ ಕಂಡು ಅಣಕಿಸುತ್ತಾರೆ. "ಏನ ಬರೀತಾನವಾ ಅಷ್ಟ ಉದ್ದ? ನಮ್ಮ ಕಾಲದಾಗ ಗಂಡ ನಾಕ ಮಾತ ಆಡಿದ್ರ ವರ್ಷ ಸಾಕಾಗ್ತಿತ್ತು. ನಿನ್ನ ಗಂಡ ಟಪಾಲಿನ್ಯಾಗ ಸಂಸಾರ ಮಾಡಾಕತ್ತಾನ."

ನಾನು ತಲೆ ಬಗ್ಗಿಸಿ ನಾಚಿದವಳಂತೆ ಇದ್ದೆ.

ಆಗಸ್ಟ್ ೧೧, ಶುಕ್ರವಾರ. ಬಬಲೇಶ್ವರ

ಪಂಚಮಿಗೆ ತವರಿಗೆ ಬಂದಿದ್ದೇನೆ. ಪತ್ರ ವಿಜಾಪುರಕ್ಕೆ ಹೋಗಿ, ಅತ್ತೆ ಅದನ್ನು ಬಸ್ಸಿನ ಕಂಡಕ್ಟರ್ ಬೀರಣ್ಣನ ಕೈಯಲ್ಲಿ ಕೊಟ್ಟು, ಅವನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ಮರೆತು, ಇಂದು ಬೆಳಿಗ್ಗೆ ತಲುಪಿಸಿದ. ಮೂರು ದಿನದಲ್ಲಿ ಉಳಿದದ್ದು ಅರ್ಧ ದಿನ. ಅವನ ಬಸ್ಸು ಎರಡು ಗಂಟೆಗೆ ತಿರುಗಿ ವಿಜಾಪುರಕ್ಕೆ ಹೊರಡುತ್ತದೆ.

ಪ್ರಶ್ನೆ ಇದು. ರಾಕೆಟ್ಟಿನ ಪೆಟ್ಟಿಗೆಗೆ ಒಂದು ದುಂಡನೆಯ ಮುಚ್ಚಳ. ಅಡ್ಡಳತೆ ಇನ್ನೂರು ಮಿಲಿಮೀಟರು. ಅದರಲ್ಲಿ ನಡುವಿನಿಂದ ನಲವತ್ತೈದು ಮಿಲಿಮೀಟರು ಒಂದು ಕಡೆಗೆ, ಉಪಕರಣ ಹೊರಗೆ ನೋಡಲು ತೊಂಬತ್ತು ಮಿಲಿಮೀಟರಿನ ದುಂಡನೆಯ ಕಿಟಕಿ ಕೊರೆದಿದೆ. ಮೇಲೆ ಹೋದ ಮೇಲೆ ಕೆಳಗಿನಿಂದ ಒಂದು ಸ್ಪ್ರಿಂಗು ಈ ಮುಚ್ಚಳವನ್ನು ನೆಟ್ಟಗೆ ತಳ್ಳಿ ಬೀಳಿಸಬೇಕು. ಓರೆಯಾಗಿ ಹೋದರೆ ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗು ಎಲ್ಲಿರಬೇಕು?

"ನಡುವೆ ಇಟ್ಟರಾಯಿತಲ್ಲ, ಇದರಲ್ಲಿ ಏನು ಕೇಳುವುದು?" ಎಂದು ಇವರು ಬರೆದಿದ್ದಾರೆ.

ಕೂಸನ್ನು ಕೆಳಗಿನಿಂದ ಎತ್ತುವಾಗ ನನ್ನ ಕೈ ಅದರ ಬೆನ್ನಿನ ನಡುವೆ ಹೋಗುವುದಿಲ್ಲ, ತಲೆಯ ಕಡೆ ಸರಿಯುತ್ತದೆ. ತಲೆ ಭಾರ. ಅಳತೆಯ ನಡು ಬೇರೆ, ತೂಕದ ನಡು ಬೇರೆ. ಕಿಟಕಿ ಕೊರೆದ ಕಡೆ ಮುಚ್ಚಳ ಹಗುರ, ಅಂದರೆ ತೂಕದ ನಡು ಆಚೆ ಸರಿದಿರುತ್ತದೆ. ಯಾರದೋ ಲಗ್ನಪತ್ರಿಕೆಯ ರಟ್ಟನ್ನು ಅದೇ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಸೂಜಿ ಚುಚ್ಚಿ ದಾರದಿಂದ ತೂಗಬಿಟ್ಟೆ. ಹೊರಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಎಲ್ಲರೂ ಜೀಕುತ್ತಿದ್ದರು. ಅವ್ವ ಉಂಡಿ ತಂದವಳು ಬಾಗಿಲಲ್ಲೇ ನಿಂತಳು.

"ಎಲ್ಲಾರೂ ತಾವು ಜೋಕಾಲಿ ಆಡಿದ್ರ ನೀ ರಟ್ಟಿಗೆ ಆಡಸಾಕತ್ತೀಯಲ್ಲ ಬೇ. ನಿದ್ದಿ ಇಲ್ದ ತಲಿ ಕೆಟ್ಟತೇನು?"

"ಹೂನವಾ" ಎಂದೆ.

ದಾರ ಇಳಿದ ಕಡೆ ಗೆರೆ ಎಳೆದೆ. ಬೇರೆ ಕಡೆ ಚುಚ್ಚಿ ಇನ್ನೊಂದು ಗೆರೆ. ಎರಡೂ ಕೂಡಿದ್ದು ನಡುವಿನಿಂದ ಹನ್ನೊಂದು ಮಿಲಿಮೀಟರು ಆಚೆ. ಲೆಕ್ಕ ಹಾಕಿದರೂ ಅಷ್ಟೇ ಬಂತು. ಚಿತ್ರ ಬರೆದು "೧೧" ಎಂದು ಗುರುತು ಹಾಕಿದೆ. ಕಾರಣವನ್ನೂ ಬರೆಯಬೇಕೆಂದಿದ್ದೆ. ಕೂಸು ಎದ್ದಿತು, ಬೀರಣ್ಣ ಸೀಟಿ ಊದತೊಡಗಿದ. ಚಿತ್ರ ಅಷ್ಟೇ ಕಳಿಸಿದೆ.

ಆಗಸ್ಟ್ ೩೦, ಬುಧವಾರ. ವಿಜಾಪುರ

ಹತ್ತಕ್ಕೆ ಹತ್ತು! ಮೂವರು ಬಿ.ಇ.ಯವರು ನಡುವೆಯೇ ಇಟ್ಟಿದ್ದರಂತೆ. ಇವರ ಹಾಳೆಯನ್ನು ಕಲಿಸುವವರು ಎಲ್ಲರಿಗೂ ಎತ್ತಿ ತೋರಿಸಿದರಂತೆ. "ನನ್ನ ಹೆಸರು ಕರೆದು ನಿಲ್ಲಿಸಿದರು" ಎಂದು ಬರೆದಿದ್ದಾರೆ. ಎಷ್ಟು ಸಲ ಓದಿದೆನೋ. ಇವರು ಚೆನ್ನಾಗಿ ಕಲಿಯುತ್ತಿದ್ದಾರೆ. ನನಗೆ ಸ್ವಲ್ಪ ಧೈರ್ಯ ಬಂತು.

ಕೂಸಿಗೆ ನೆಗಡಿ.

ಸೆಪ್ಟೆಂಬರ್ ೨೦, ಬುಧವಾರ. ತಿಕೋಟಿ

ಇವರ ಕಾಕಾ ಗೊಲ್ಲಾಳಪ್ಪ ಕೂಸನ್ನು ನೋಡಬೇಕೆಂದರು, ಬಂದೆವು. ಕೇರಿಯವರೆಲ್ಲ ಕೂಡಿದ್ದರು. ಕಾಕಾ ಹೇಳಿದ್ದನ್ನೇ ಹೇಳಿದರು: "ಹೊರಗ ಕುಂತ ಕಲತಾವ ಇವತ್ತ ಎಲ್ಲಾರಕಿಂತ ಮ್ಯಾಲ ಹೋಗ್ಯಾನ. ಸಾಲಿ ಮಾಸ್ತರು ಮನಿ ಬಾಗಲಿಗೆ ಬಂದ, ನಿಮ್ಮ ಪರಸಪ್ಪ ಯಾವಾಗ ಬರ್ತಾನ್ರೀ ಅಂತ ಕೇಳಿ ಹೋದ. ರೀ ಅಂದಾ ನೋಡ!"

ನಾನು ಎಲ್ಲರ ಮುಖ ನೋಡಿದೆ. ಇಷ್ಟು ಮಂದಿಯ ಆಸೆ ಒಬ್ಬರ ಮೇಲೆ ಕೂತಿದೆ.

ಬಸ್ಸಿನ ಬಾಗಿಲು ದಾರಿಯುದ್ದಕ್ಕೂ ತಾನೇ ತೆರೆದುಕೊಳ್ಳುತ್ತಿತ್ತು. ಕೊಂಡಿಯನ್ನು ಬಾಗಿಲು ತಿರುಗುವ ಬಿಜಾಗ್ರಿಯ ಹತ್ತಿರ ಹಾಕಿದ್ದಾರೆ. ತುದಿಯ ಹತ್ತಿರ ಹಾಕಿದ್ದರೆ ಇದರ ಅರ್ಧ ಬಿಗಿ ಸಾಕಿತ್ತು. ಬೀರಣ್ಣನಿಗೆ ಹೇಳಿದೆ. ಅವನು ಅತ್ತೆಯ ಮುಖ ನೋಡಿದ. ಅತ್ತೆ, "ನಿದ್ದಿಗೆಟ್ಟಾಳ, ಮನಸಿಗೆ ಹಚ್ಚಿಕೋಬ್ಯಾಡ" ಎಂದರು.

ಇತ್ತೀಚಿನ ಪತ್ರಗಳು ಒಂದೇ ಹಾಳೆ. ಪ್ರಶ್ನೆ, ಕೆಳಗೆ "ಬೇಗ ಕಳಿಸು". ಕೂಸು ಹೇಗಿದೆ ಎಂದು ಕೇಳಿಲ್ಲ. ಕೆಲಸ ಬಹಳವಿರಬೇಕು.

ಅಕ್ಟೋಬರ್ ೧೨, ಗುರುವಾರ. ವಿಜಾಪುರ

ಕೊನೆಯ ಪರೀಕ್ಷೆ ನವೆಂಬರ್ ಆರಕ್ಕೆ. ರೂಮಿಗೆ ಒಯ್ಯುವಂತಿಲ್ಲ. ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸುತ್ತಾರೆ. ಬೆಳಿಗ್ಗೆ ಒಂದು ಪ್ರಶ್ನೆ ಬಿಡಿಸಬೇಕು, ಮಧ್ಯಾಹ್ನ ಅದರ ಬಗ್ಗೆ ಐದು ಮಂದಿ ಎದುರು ಕೂತು ಬಾಯಿಮಾತಿನಲ್ಲಿ ಕೇಳುತ್ತಾರೆ.

"ಇಲ್ಲಿಯವರೆಗೆ ಹೇಗೋ ನಡೆಯಿತು. ಇನ್ನು ಏನು ಮಾಡಲಿ, ನೀನೇ ಹೇಳು."

ನಾಲ್ಕು ಸಲ ಓದಿದ ಮೇಲೆ ತಿಳಿಯಿತು. ಎಂಟು ಕೆಲಸ ಕಳಿಸಿದ್ದೇನೆ. ಎಂಟರಲ್ಲಿ ಒಂದಕ್ಕೂ ಯಾಕೆ ಹೀಗೆ ಎಂದು ಬರೆದಿಲ್ಲ. ಚಿತ್ರ, ಅಂಕಿ, ಅಷ್ಟೇ. ಕಾರಣಗಳೆಲ್ಲ ಈ ನೋಟುಬುಕ್ಕಿನಲ್ಲೇ ಬಿದ್ದಿವೆ. ಇವರಿಗೆ ಸಹಾಯ ಮಾಡುತ್ತೇನೆ ಎಂದುಕೊಂಡು ನಾನು ಇವರ ಕೈ ಕಟ್ಟಿಹಾಕಿದ್ದೇನೆ.

ಎಲ್ಲದಕ್ಕೂ ಕಾರಣ ಬರೆದು ಕಳಿಸಬೇಕು. ಇಪ್ಪತ್ತೈದು ದಿನವಿದೆ. ಇಂದೇ ಶುರುಮಾಡುತ್ತೇನೆ.

ಅಕ್ಟೋಬರ್ ೧೭

ಕೂಸಿಗೆ ಭೇದಿ. ಏನು ಕುಡಿಸಿದರೂ ನಿಲ್ಲುತ್ತಿಲ್ಲ. ಕಣ್ಣು ಒಳಗೆ ಹೋಗಿವೆ. ಬರೆದದ್ದು ಮೂರು ಪುಟ.

ಅಕ್ಟೋಬರ್ ೧೯

ದವಾಖಾನೆಯಲ್ಲಿದ್ದೇವೆ. ಅಳುವ ಶಕ್ತಿಯೂ ಇಲ್ಲ ಅವಳಿಗೆ. ಅತ್ತಾದರೂ ಅಳಲಿ.

ಅಕ್ಟೋಬರ್ ೨೬

ಮನೆಗೆ ಬಂದೆವು. ಬದುಕಿದಳು. ಇವರಿಗೆ ತಿಳಿಸಬೇಡಿ ಎಂದು ಅತ್ತೆಯ ಕಾಲು ಮುಟ್ಟಿ ಹೇಳಿದೆ. ತಿಳಿದರೆ ಪರೀಕ್ಷೆ ಬಿಟ್ಟು ಬರುತ್ತಾರೆ.

"ತಂದಿ ಅದಾನ, ತಿಳೀಬಾರದೇನು?" ಎಂದರು. ಆಮೇಲೆ ತಾವೇ ಕಣ್ಣೊರೆಸಿಕೊಂಡು, "ಬರಿ, ನೀ ಏನ ಬರಿಯೂದೈತಿ ಬರಿ. ನಾ ಹಿಡೀತೀನಿ ಕೂಸಿನ" ಎಂದರು. ನಾನು ಏನು ಬರೆಯುತ್ತೇನೆ ಎಂಬುದು ಅವರಿಗೆ ಎಂದಿನಿಂದ ಗೊತ್ತೋ!

ಅಕ್ಟೋಬರ್ ೩೦, ಸೋಮವಾರ

ನಾಲ್ಕು ಕೆಲಸಗಳಿಗೆ ಮಾತ್ರ ಕಾರಣ ಬರೆಯಲು ಆಯಿತು. ಹನ್ನೆರಡು ಪುಟ. ಇಂದು ಹಾಕದಿದ್ದರೆ ಮುಟ್ಟುವುದಿಲ್ಲ, ಹಾಕಿ ಬಂದೆ. ಮುಚ್ಚಳದ್ದು ಬಿಟ್ಟುಹೋಯಿತು. ಅದರಲ್ಲಿ ಹೇಗೂ ಹತ್ತಕ್ಕೆ ಹತ್ತು ಬಂದಿದೆ, ಅದು ಬರುತ್ತದೆ ಇವರಿಗೆ ಎಂದು ಕೊನೆಗೆ ಇಟ್ಟಿದ್ದೆ.

ನವೆಂಬರ್ ೬, ಸೋಮವಾರ

ಹತ್ತು ಗಂಟೆ. ಈಗ ಪ್ರಶ್ನೆ ಕೊಟ್ಟಿರುತ್ತಾರೆ.

ಹನ್ನೆರಡೂವರೆ. ಅನ್ನ ಸೇರಲಿಲ್ಲ.

ಮೂರು. ಐದು ಮಂದಿಯ ಎದುರು ಕೂತಿರುತ್ತಾರೆ. ನಾನು ಇಲ್ಲಿ ಕೂಸಿನ ಬಟ್ಟೆ ಒಣಗಿಹಾಕುತ್ತಿದ್ದೇನೆ.

ನವೆಂಬರ್ ೧೫, ಬುಧವಾರ

ಪಾಸಾಗಲಿಲ್ಲ.

ಮುಚ್ಚಳದ್ದೇ ಬಂದಿತ್ತಂತೆ. ಕಿಟಕಿ ಮಾತ್ರ ದೊಡ್ಡದು. ಇವರು ಹನ್ನೊಂದು ಎಂದು ಬರೆದರು. ಮಧ್ಯಾಹ್ನ ಆ ಐವರಲ್ಲಿ ಹಿಂದೆ ಇವರ ಹಾಳೆ ಎತ್ತಿ ತೋರಿಸಿದವರೇ ಇದ್ದರು. ಯಾಕೆ ಹನ್ನೊಂದು ಎಂದು ಕೇಳಿದರು. ಅವರು ಮೂರು ಸಲ ಕೇಳಿದರಂತೆ, ಮೂರನೆಯ ಸಲ ಬಹಳ ಮೆತ್ತಗೆ.

"ಜನವರಿಯಲ್ಲಿ ಹೊಸ ತಂಡ ಬರುತ್ತದೆ, ಬೇಕಾದರೆ ಮೊದಲಿನಿಂದ ಕೂತುಕೋ ಎಂದಿದ್ದಾರೆ. ಈ ತಿಂಗಳು ಮುಗಿಯುವುದರೊಳಗೆ ತಿಳಿಸಬೇಕು. ನಾನು ಊರಿಗೆ ಬರುತ್ತಿದ್ದೇನೆ."

ನವೆಂಬರ್ ೨೨, ಬುಧವಾರ

ನಿನ್ನೆ ಬಂದರು. ಸೊರಗಿದ್ದಾರೆ. ಕೂಸು ಇವರನ್ನು ಕಂಡು ಅತ್ತಿತು. ಅದು ಹೊಸಬರಿಗೆಲ್ಲ ಅಳುತ್ತದೆ ಎಂದೆ. ಹಾಗೆ ಹೇಳಬಾರದಿತ್ತು.

ತಿಕೋಟಿಗೆ ಹೋಗಿಲ್ಲ. ಕಾಕಾನಿಗೆ ರಜೆ ಎಂದು ಹೇಳಿಕಳಿಸಿದ್ದಾರೆ. ಊಟಕ್ಕೆ ಕೂತವರು ಅರ್ಧ ರೊಟ್ಟಿಗೆ ಏಳುತ್ತಾರೆ.

ಇಂದು ಬೆಳಿಗ್ಗೆ ಟ್ರಂಕಿನಿಂದ ಪ್ರಶ್ನೆಪತ್ರಿಕೆ ತೆಗೆದು ನನ್ನ ಮುಂದೆ ಇಟ್ಟರು.

"ಎಲ್ಲಿ ಇಡಬೇಕಿತ್ತು ಹೇಳು."

ಕಿಟಕಿ ನೂರಾನಾಲ್ಕು ಮಿಲಿಮೀಟರು. ನೋಡಿದ ಕೂಡಲೇ ಹದಿನಾರು, ಹದಿನೇಳರ ಹತ್ತಿರ ಎಂದು ಗೊತ್ತಾಯಿತು. ಇವರ ಮುಖ ನೋಡಿದೆ. ಐದು ಮಂದಿಯ ಎದುರು ಕೂತು ಬಂದ ಮುಖ.

"ನನಗೂ ತಿಳಿವಲ್ದರಿ" ಎಂದೆ.

ಇವರು ಉಸಿರು ಬಿಟ್ಟರು. "ಹೌದೇನು? ನಿನಗೂ ಬರಂಗಿಲ್ಲಂದ್ರ ಅದು ಖರೇನ ಕಠಿಣ ಇತ್ತು ನೋಡು." ಮಧ್ಯಾಹ್ನ ಮೂರು ರೊಟ್ಟಿ ಉಂಡರು. ಈಗ ಮಲಗಿದ್ದಾರೆ. ಒಳ್ಳೆಯದೇ ಮಾಡಿದೆ ಅನಿಸುತ್ತದೆ.

ನವೆಂಬರ್ ೨೪, ಶುಕ್ರವಾರ

ಒಳ್ಳೆಯದು ಮಾಡಲಿಲ್ಲ.

ಬೆಳಿಗ್ಗೆ ಇವರು ಆ ಕೇಂದ್ರಕ್ಕೆ ಪತ್ರ ಬರೆದರು. ಜನವರಿಗೆ ಬರುವುದಿಲ್ಲ, ನನ್ನ ಜಾಗ ಬೇರೆಯವರಿಗೆ ಕೊಡಿ ಎಂದು. "ಇಂಗ್ಲಿಷ್ ತಿದ್ದಿ ಕೊಡು. ನಾಕರ ಗಾಡಿಗೆ ಹಾಕಿ ಬರ್ತೇನಿ."

"ಯಾಕ್ರಿ, ಇನ್ನೊಂದ ಸಲ ನೋಡಬಾರದೇನು?"

"ನಿನಗ ತಿಳೀಲಾರದ್ದು ನನಗೇನ ತಿಳಿದೀತು? ಅದು ನಮ್ಮಂಥವರಿಗೆ ಅಲ್ಲ ಬಿಡು."

ನಾನು ತಿದ್ದಿದೆ. ಎರಡು ಕಡೆ ತಪ್ಪಿತ್ತು. ತಿದ್ದಿ, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟೆ. ಇವರು ಚಪ್ಪಲಿ ಮೆಟ್ಟಿಕೊಂಡರು. ನಮ್ಮಂಥವರಿಗೆ ಅಲ್ಲ ಎಂಬ ಮಾತು ಕಿವಿಯಲ್ಲಿ ನಿಂತಿತ್ತು. ಇಷ್ಟು ವರ್ಷದಲ್ಲಿ ಇವರ ಬಾಯಿಂದ ಆ ಮಾತು ಕೇಳಿದವಳಲ್ಲ ನಾನು. ಅದನ್ನು ಹೇಳಿಸಿದವಳು ನಾನೇ.

"ಹದಿನೇಳ್ರಿ" ಎಂದೆ.

"ಏನು?"

"ಸ್ಪ್ರಿಂಗು. ನಡುವಿನಿಂದ ಹದಿನೇಳು ಮಿಲಿಮೀಟರು. ಮೊನ್ನೆ ಗೊತ್ತಿತ್ತರಿ ನನಗ. ಸುಳ್ಳು ಹೇಳಿದೆ."

ಇವರು ಹೊಸ್ತಿಲಲ್ಲಿ ಹಾಗೆಯೇ ನಿಂತರು. ಅತ್ತೆ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಹೊಡೆಯುತ್ತಾರೆ ಅನಿಸಿತು. ಎಂದೂ ಹೊಡೆದವರಲ್ಲ, ಆದರೂ ಹಾಗನಿಸಿತು. ಹೊಡೆದಿದ್ದರೆ ಚೆನ್ನಾಗಿತ್ತು. ಲಕೋಟೆಯನ್ನು ಕಿಟಕಿಯಲ್ಲಿಟ್ಟು, ಹೊರಗೆ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತರು.

ಈಗ ಎರಡು ತಾಸಾಯಿತು. ನಾಲ್ಕರ ಗಾಡಿ ಕೂಗಿ ಹೋಯಿತು. ಇವರು ಏಳಲಿಲ್ಲ. ನಾನು ಚಹಾ ಇಟ್ಟು ಬಂದೆ, ಕುಡಿಯಲಿಲ್ಲ. ಕೂಸನ್ನು ಮಡಿಲಲ್ಲಿ ಹಾಕಿ ಬಂದೆ, ಹಿಡಿದುಕೊಂಡರು, ಆದರೆ ನನ್ನತ್ತ ನೋಡಲಿಲ್ಲ. ಇನ್ನು ಏನು ಮಾಡಬೇಕೆಂದು ತಿಳಿಯದೆ ಬಾಗಿಲ ಹಿಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಇವರು ಜನವರಿಗೆ ಹೋಗುತ್ತಾರೋ, ಇಲ್ಲವೋ. ಇನ್ನೆಂದಾದರೂ ನನ್ನ ಜೊತೆ ಮಾತಾಡುತ್ತಾರೋ, ಇಲ್ಲವೋ.

ಈಗ ಹೊರಗಿನಿಂದ ದನಿ ಬಂತು. ಬೆನ್ನು ತಿರುಗಿಸಿಯೇ ಇದ್ದಾರೆ. ಸಿಟ್ಟೋ ಏನೋ ತಿಳಿಯುವುದಿಲ್ಲ.

"ಯಾಕ ಹದಿನೇಳು?"